ಹಣೆ ತೋರಿಸಿದರೆ ಚಹಾ ಕೊಟ್ಟರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಇದ್ದ ಅಂದೆ, ನೋಡಿ, ಈಗಿಲ್ಲ. ತೀರಿಕೊಂಡು ಎರಡು ವರ್ಷವಾಯಿತು. ಹಾಗಾಗಿ ಇದು ಅವನ ಕಥೆಯಲ್ಲ, ಅವನ ಹೆಂಡತಿಯ ಕಥೆ.

ಆ ತಾಯಿಗೆ ಒಬ್ಬಳೇ ಮಗಳು. ಮದುವೆ ಗೊತ್ತಾಗಿತ್ತು. ಇನ್ನು ಹದಿನೈದು ದಿನ ಇದೆ ಎನ್ನುವಾಗ ಮನೆಯವರು ಏನು ಮಾಡಿದರು ಗೊತ್ತೇ? ಮಗಳನ್ನು ಹೆತ್ತವಳನ್ನೇ ಯಾತ್ರೆಗೆ ಕಳಿಸಿದರು. ನಾದಿನಿ ಪ್ರೀತಿಯಿಂದಲೇ ಹೇಳಿದಳು: "ಅರಿಸಿನ ಹಚ್ಚೋದು, ಬಳೆ ತೊಡಿಸೋದು ಎಲ್ಲ ನಾವು ನೋಡ್ಕೋತೀವಿ ಅತ್ತಿಗೆ. ನೀವು ಇಲ್ಲಿದ್ದಾದರೂ ಏನು ಮಾಡ್ತೀರಿ?"

ಅವಳು ಹೂಂ ಅಂದಳು. ಮಗಳ ಕೆನ್ನೆಗೆ ಮೊದಲ ಅರಿಸಿನ ತಾನೇ ಹಚ್ಚಬೇಕೆಂದು ತೊಟ್ಟಿಲು ತೂಗುವಾಗಿನಿಂದ ಇಟ್ಟುಕೊಂಡಿದ್ದ ಆಸೆ. ಅದನ್ನು ನುಂಗಿಕೊಂಡು ಬಸ್ಸು ಹತ್ತಿದಳು.

ಹಿಮಾಲಯದ ಬುಡದಲ್ಲೊಂದು ಊರು. ಜೊತೆಯವರೆಲ್ಲ ದೇವಿಯ ಬೆಟ್ಟ ಹತ್ತಿದರು. ಇವಳಿಗೆ ಮೊಣಕಾಲು ನೋವು, ಕೆಳಗೆ ಒಂದು ಮನೆಯ ಜಗಲಿಯ ಮೇಲೆ ಕೂತಳು. ಯಾರ ಮನೆ? ಗೊತ್ತಿಲ್ಲ. ಯಾವ ಭಾಷೆ? ಅದೂ ಗೊತ್ತಿಲ್ಲ. ಇವಳಿಗೆ ಬರುತ್ತಿದ್ದ ಹಿಂದಿ ಎರಡೇ ಮಾತು, ನೀರು ಕೇಳುವುದು, ಬೆಲೆ ಕೇಳುವುದು.

ಆ ಮನೆಯಲ್ಲೂ ಮದುವೆ. ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮದರಂಗಿ ಹಚ್ಚಿಕೊಳ್ಳುತ್ತಿದ್ದರು. ಇವಳನ್ನು ಕಂಡದ್ದೇ ತಡ, ಆ ಮನೆಯ ಹಿರಿಯಾಕೆ ಬಂದು ಕೈಹಿಡಿದು ಎಳೆದುಕೊಂಡು ಹೋಗಿ ನಡುವೆ ಕೂರಿಸಿದಳು. ಅಂಗೈ ಬಿಡಿಸಿ ಮದರಂಗಿ ಇಡಲು ಬಂದಳು.

ಇವಳು ಕೈ ಹಿಂದಕ್ಕೆಳೆದುಕೊಂಡಳು. ನಾನು ಕೂರುವ ಹಾಗಿಲ್ಲ, ನನಗಿದು ಸಲ್ಲದು ಎಂದು ಹೇಳುವುದು ಹೇಗೆ? ತನ್ನ ಬರಿ ಹಣೆಯನ್ನು ಬೆರಳಿಟ್ಟು ತೋರಿಸಿದಳು. ಅವರು ಏನೆಂದುಕೊಂಡರು? ಪಾಪ, ತಲೆನೋವು! ಒಬ್ಬಳು ಓಡಿಹೋಗಿ ಶುಂಠಿ ಚಹಾ ತಂದಳು. ಇನ್ನೊಬ್ಬಳು ಹಿಂದೆ ಕೂತು ಸಾಸಿವೆ ಎಣ್ಣೆ ಹಾಕಿ ತಲೆ ತಿಕ್ಕಿದಳು. ಇವಳು ತಾಳಿಯಿಲ್ಲದ ಕುತ್ತಿಗೆ ತೋರಿಸಿದಳು. ಗಂಟಲು ಕೆಟ್ಟಿದೆಯೆಂದು ಬಿಸಿಬಿಸಿಯಾಗಿ ಇನ್ನೊಂದು ಲೋಟ ಬಂತು. ಕಾಲುಂಗುರವಿಲ್ಲದ ಬೆರಳು ತೋರಿಸಿದಳು. ಕಾಲೊತ್ತಲು ಇಬ್ಬರು ಕೂತರು!

ನಗಬೇಡಿ. ಅಲ್ಲ, ನಗಿ, ಅವಳೂ ನಕ್ಕಳು. ನಗುನಗುತ್ತ ಕಣ್ಣಲ್ಲಿ ನೀರು ಬಂತು. ಯಾಕೆ ಹೇಳಿ? ಎರಡು ವರ್ಷದಲ್ಲಿ ಅವಳ ತಲೆ ಮುಟ್ಟಿ ಎಣ್ಣೆ ಹಚ್ಚಿದವರು ಒಬ್ಬರೂ ಇರಲಿಲ್ಲ.

ಆಗ ಆ ಹಿರಿಯಾಕೆ ಗೋಡೆಯ ಕಡೆ ಬೆರಳು ತೋರಿಸಿದಳು. ಮೀಸೆಯ ಗಂಡಸಿನ ಫೋಟೊ, ಅದಕ್ಕೆ ಹಾರ. ತನ್ನ ಎದೆ ಮುಟ್ಟಿಕೊಂಡಳು: ನನ್ನವನು. ಆಮೇಲೆ ತನ್ನ ಎರಡೂ ಅಂಗೈ ಬಿಡಿಸಿ ಹಿಡಿದಳು. ಆಗಲೇ ಮದರಂಗಿಯಿಂದ ಕೆಂಪಗಿದ್ದವು. ಇವಳ ಹಣೆಯ ಅರ್ಥ ಅವಳಿಗೆ ಯಾವಾಗ ತಿಳಿಯಿತೋ, ದೇವರೇ ಬಲ್ಲ. ಇವಳು ಕೈ ಚಾಚಿದಳು.

ಊರಿಗೆ ಮರಳಿದ ಮಾರನೆಯ ದಿನವೇ ಮಗಳಿಗೆ ಅರಿಸಿನ. ನಾದಿನಿ ಬಟ್ಟಲು ಹಿಡಿದಿದ್ದಾಳೆ, ಮುತ್ತೈದೆಯರು ಸುತ್ತ ನಿಂತಿದ್ದಾರೆ. ಒಳಕೋಣೆಯಲ್ಲಿ ಇರಬೇಕಾದ ತಾಯಿ ನಡುಮನೆಗೆ ಬಂದಳು. ಅತ್ತಿಗೆಯ ಕೆಂಪು ಕೈ ಕಂಡು ನಾದಿನಿ, ಇದೇನು, ಬೇಡ ಅನ್ನಬಾರದಿತ್ತೇ ಎಂದಳು.

"ಅಲ್ಲಿ ಬೇಡ ಅನ್ನೋಕೆ ನನಗೆ ಭಾಷೆ ಬರಲಿಲ್ಲ. ಇಲ್ಲಿ ಬರುತ್ತೆ, ಆದ್ರೂ ಅನ್ನಲ್ಲ," ಎಂದು ಆ ತಾಯಿ ಬಟ್ಟಲಿಗೆ ಕೈ ಅದ್ದಿದಳು.

ಮಗಳು ಕಣ್ಣು ಮುಚ್ಚಿಕೊಂಡು ಕೆನ್ನೆ ಮುಂದೆ ಮಾಡಿದಳು.

ಈಗ ಹೇಳಿ ತಾಯಂದಿರೇ, ಭಾಷೆ ಬಾರದವರು ಆಕೆಯನ್ನು ನಡುವೆ ಕೂರಿಸಿದರು. ಭಾಷೆ ಬಂದವರು ನಾವು, ಏನು ಮಾಡಿದೆವು? ನೀವು ಪರವೂರಿಗೆ ಹೋದಾಗ ದೇವಸ್ಥಾನ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಯಾರಾದರೂ ಜಗಲಿಗೆ ಕರೆದರೆ ಚೀಲ ಎದೆಗವಚಿಕೊಂಡು ಓಡಬೇಡಿ. ಒಂದು ಗಳಿಗೆ ಕೂತುಕೊಳ್ಳಿ, ಮಾತು ಬಾರದಿದ್ದರೆ ಚಹಾ ಕುಡಿಯಿರಿ. ಅವರು ನಮಗೆ ಮಾಡಿದ್ದನ್ನು ಮನೆಗೂ ತನ್ನಿ. ಬರುವ ಶುಕ್ರವಾರ ಅರಿಸಿನ ಕುಂಕುಮಕ್ಕೆ ಕರೆಯಲು ಹೊರಡುತ್ತೀರಲ್ಲ, ಒಂದು ಬಾಗಿಲು ಬಂದಾಗ ಹೆಜ್ಜೆ ಬೇಗ ಹಾಕುತ್ತೀರಲ್ಲ? ಯಾರ ಬಾಗಿಲು ಅಂತ ನಿಮಗೆ ಗೊತ್ತು. ಅದನ್ನೇ ಮೊದಲು ತಟ್ಟಿ. ಬರ್ತೀರಾ ಎಂದು ಕೇಳಬೇಡಿ, ಇಲ್ಲ ಅನ್ನುತ್ತಾಳೆ. ನಾವು ಅವಳಿಗೆ ಕಲಿಸಿರುವುದೇ ಅಷ್ಟು. ಕೈ ಹಿಡಿದು ಎಳೆದುಕೊಂಡು ಬನ್ನಿ.