ಆಯಿಲ್ ಇಳಿಯುವ ಹತ್ತು ನಿಮಿಷ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದು ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ನಾನು ಒಂದು ಮಾತು ಸೇರಿಸಿಲ್ಲ, ಒಂದು ಮಾತು ಬಿಟ್ಟೂ ಇಲ್ಲ.

ಅವನು ಮೆಕ್ಯಾನಿಕ್. ಎಲ್ಲರ ಬಾಯಲ್ಲೂ ಗೆರೆಯಣ್ಣ. ಇಂಜಿನ್ನಿನ ಆಯಿಲ್ ಅಳೆಯುವ ಕಡ್ಡಿಯ ಗೆರೆಗಿಂತ ಕೂದಲೆಳೆ ಹೆಚ್ಚಾದರೂ ಒಪ್ಪ, ಕಡಿಮೆಯಾದರೂ ಒಪ್ಪ. ಇಂಜಿನ್ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಕಾಯಬೇಕು, ಮೇಲೇರಿದ ಆಯಿಲೆಲ್ಲ ಕೆಳಗಿಳಿಯಬೇಕು, ಆಮೇಲೇ ಕಡ್ಡಿ ತೆಗೆಯಬೇಕು. "ಒಂಬತ್ತನೇ ನಿಮಿಷಕ್ಕೆ ತೆಗೆದ್ರೆ ಸುಳ್ಳು ಹೇಳುತ್ತೆ" ಅನ್ನುತ್ತಿದ್ದ.

ಆ ರಾತ್ರಿ ಗ್ಯಾರೇಜು ಮುಚ್ಚಿ, ಒಂದು ಕೈಯಲ್ಲಿ ಆಯಿಲ್ ಡಬ್ಬ, ಇನ್ನೊಂದು ಕೈಯಲ್ಲಿ ಹೊಸ ಫಿಲ್ಟರ್ ಹಿಡಿದು, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದ. ಫೋನು ಬಂತು. ಅಕ್ಕನ ಮಗಳು. ದೂರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು ಅವಳಿಗೆ; ಓಡಾಡೋಕೆ ಮನೆಯ ಕಾರು ಕೊಡ್ತೀನಿ ಅಂತ ಇವನು ಮಾತು ಕೊಟ್ಟಿದ್ದ.

"ಮಾವ, ಬೆಳಿಗ್ಗೆ ಆರಕ್ಕೆ ಬರ್ತೀನಿ. ಕಾರು ರೆಡಿನಾ? ಇಲ್ಲ, ಈ ಸಲಾನೂ ಬ್ಯಾಟರಿ ನೆಪಾನಾ?"

"ಬ್ಯಾಟರಿ ಗ್ಯಾರೇಜಲ್ಲಿ ಚಾರ್ಜಿಗಿದೆ, ಬರ್ತಾ ತಗೊಂಡ್ಬಾ. ಆಯಿಲ್ ಈಗ ಬದಲಾಯಿಸ್ತೀನಿ."

"ಇದನ್ನ ಮೂರು ಸಲ ಕೇಳಿದೀನಿ." ಅವಳ ದನಿ ತಗ್ಗಿತು. "ಮಾವ… ಮನಸ್ಸಿಲ್ದಿದ್ರೆ ಬೇಡ. ಬಸ್ಸಿದೆ."

"ಮಾತು ಅಂದ್ರೆ ಮಾತು."

ಆ ಕಾರು ಅವನ ಹೆಂಡತಿಯದು. ಅವಳು ಜ್ವರದಲ್ಲಿ ತೀರಿಕೊಂಡು ಏಳು ತಿಂಗಳು. ಅಂದಿನಿಂದ ಕಾರು ಮನೆ ಹಿಂದಿನ ಶೆಡ್ಡಿನಲ್ಲಿ, ಕಾರಿನಡಿ ಇಳಿದು ಕೆಲಸ ಮಾಡಲು ತೋಡಿದ ರಿಪೇರಿ ಗುಂಡಿಯ ಮೇಲೆ, ನಿಂತಲ್ಲೇ ನಿಂತಿತ್ತು.

ಬಾವಿ ದಾಟಿದ. ಹಿಂದೆ ಚಪ್ಪಲಿ ಸದ್ದು. ಚಟ್… ಚಟ್… ಚಟ್. ನಿಂತ. ಅದೂ ನಿಂತಿತು… ಒಂದು ಹೆಜ್ಜೆ ತಡವಾಗಿ.

ತಿರುಗಿ ನೋಡಲಿಲ್ಲ.

ಶೆಡ್ಡಿನಲ್ಲಿ ಗುಂಡಿಗಿಳಿದು ಅಡಿಯ ಬೋಲ್ಟು ಬಿಚ್ಚಿದ. ಹಳೆಯ ಆಯಿಲ್ ಮೊದಲು ಗಳಗಳ, ಆಮೇಲೆ ಎಳೆಯಾಗಿ, ಕೊನೆಗೆ ತಟ್… ತಟ್… ಫಿಲ್ಟರ್ ಬದಲಾಯಿಸಿದ. ಮೇಲೆ ಬಂದು ಹೊಸ ಆಯಿಲ್ ಸುರಿದ. ಜೇನಿನ ಬಣ್ಣ. ಫಿಲ್ಟರನ್ನು ಕೊನೆಯದಾಗಿ ಒಮ್ಮೆ ಬಿಗಿಮಾಡಲು ಮತ್ತೆ ಇಳಿದ.

ಹೆಂಡತಿ ಇದ್ದಾಗ ಗ್ಯಾರೇಜಿಗೆ ಬಂದ ಪ್ರತಿ ಕಾರಿಗೂ ಹೀಗೇ. ಅವನು ಗುಂಡಿಯಲ್ಲಿ, ಅವಳು ಸ್ಟೀರಿಂಗ್ ಹಿಂದೆ. ಅವನು "ಹಾಕು" ಅಂದರೆ ಅವಳು ಕೀ ತಿರುಗಿಸುತ್ತಿದ್ದಳು; ಎಲ್ಲಾದರೂ ಸೋರುತ್ತದಾ ಅಂತ ಅವನು ಕೆಳಗಿಂದ ನೋಡುತ್ತಿದ್ದ. ಆಮೇಲೆ ಹತ್ತು ನಿಮಿಷ ಇಬ್ಬರೂ ಅಕ್ಕಪಕ್ಕ ಸುಮ್ಮನೆ ಕೂರುವುದು. ಆ ಮನುಷ್ಯನ ಜನ್ಮದಲ್ಲಿ ಬಿಡುವು ಅಂತ ಇದ್ದದ್ದು ಅಷ್ಟೇ.

ಅಭ್ಯಾಸಬಲ… ಬಾಯಿಂದ ಜಾರಿತು.

"ಹಾಕು."

ಮೇಲೆ ಸೀಟಿನ ಸ್ಪ್ರಿಂಗು ಕಿರುಕ್ ಅಂತು.

ಇಂಜಿನ್ ಶುರುವಾಯಿತು. ಮೂರು ಸೆಕೆಂಡು ಟಕಟಕ. ಆಯಿಲ್ ಮೇಲೇರಿತು, ಟಕಟಕ ಅಡಗಿ ಗುಂಯ್ ಅನ್ನುವ ನಾದ ಮಾತ್ರ ಉಳಿಯಿತು. ಬ್ಯಾಟರಿ ಇಲ್ಲದ ಕಾರು!

"ಸೋರ್ತಿದೆಯಾ, ರೀ?" ಪಿಸುದನಿ.

ಅವನು ಟಾರ್ಚು ಹಾಕಿ ನೋಡಿದ. "ಇಲ್ಲ."

"ನಿಲ್ಲಿಸ್ಲಾ?"

"ಹೂಂ."

ನಿಂತಿತು. ಅವನು ಮೇಲೆ ಹತ್ತಿ, ತಲೆ ತಗ್ಗಿಸಿಕೊಂಡೇ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಓಡಿಹೋಗಬೇಕು ಅಂತ ಅನ್ನಿಸಲೇ ಇಲ್ಲವಂತೆ. ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದ. ಬಿಸಿಯಾದ ಇಂಜಿನ್ ಆರುತ್ತ ಟಿಣ್… ಟಿಣ್… ಅನ್ನುತ್ತಿತ್ತು.

"ಕಾರು ಹುಡುಗಿಗೆ ಕೊಡ್ತೀರಂತೆ."

"ಮಾತು ಕೊಟ್ಟುಬಿಟ್ಟೆ."

"ಬ್ರೇಕು ಅಂತ ಒಂದಿದೆ ಅನ್ನೋದನ್ನೂ ಹೇಳ್ಕೊಡಿ ಅವಳಿಗೆ."

ಅವನಿಗೆ ನಗು ಬಂತು. ಏಳು ತಿಂಗಳಲ್ಲಿ ಮೊದಲ ಸಲ. ಆಮೇಲೆ ಕೇಳಿದ, "ಕೊಡ್ದೇ ಇದ್ರೆ… ಇರ್ತೀಯಾ?"

ಅವಳು ಕೇಳಿದ್ದು ಇಷ್ಟೇ, "ಆಯಿಲ್ ಇಳೀತಾ, ರೀ?"

ಹತ್ತು ನಿಮಿಷ ಯಾವಾಗಲೋ ಆಗಿತ್ತು. ಅವನಿಗದು ಗೊತ್ತಿತ್ತು.

"ಇನ್ನೂ ಇಲ್ಲ."

ಆ ರಾತ್ರಿ ಅವಳು ಎಷ್ಟು ಸಲ ಕೇಳಿದಳೋ, ಅಷ್ಟು ಸಲವೂ ಗೆರೆಯಣ್ಣ ಸುಳ್ಳು ಹೇಳಿದ.

ಆರಕ್ಕೆ ಅಕ್ಕನ ಮಗಳು ಬ್ಯಾಟರಿ ಹೊತ್ತು ಬಂದಾಗ ಅವನು ಪಕ್ಕದ ಸೀಟಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದ. ಸ್ಟೀರಿಂಗ್ ಹಿಂದೆ ಯಾರೂ ಇರಲಿಲ್ಲ. ಬ್ಯಾಟರಿ ಕೂರಿಸುವ ಮೊದಲು ಅವಳೇ ಕಡ್ಡಿ ಎಳೆದಳು.

"ಏನ್ ಮಾವ ಇದು? ಬದಲಾಯಿಸೇ ಇಲ್ವಲ್ಲ!"

ಕಡ್ಡಿಯ ತುಂಬ ಕಪ್ಪು. ವರ್ಷವಿಡೀ ಓಡಿಸಿ ಸುಟ್ಟ ಆಯಿಲಿನ ಕಪ್ಪು. ಖಾಲಿಯಾದ ಹೊಸ ಡಬ್ಬ ಅಲ್ಲೇ ಇತ್ತು, ಬಿಚ್ಚಿದ ಹಳೆಯ ಫಿಲ್ಟರೂ ಅಲ್ಲೇ ಇತ್ತು. ಅವನು ಕಡ್ಡಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

"ಇಳಿದಿದೆ," ಅಂದ. ಆ ಹುಡುಗಿಗೆ ಹೇಳಿದ ಹಾಗಿರಲಿಲ್ಲ.

ಆಮೇಲೆ ಇನ್ನೊಂದು ಡಬ್ಬ ತಂದು ಎಲ್ಲ ಮೊದಲಿಂದ ಮಾಡಿ, ಕೀಯನ್ನು ಅವಳ ಅಂಗೈಯಲ್ಲಿಟ್ಟ.

ಇದನ್ನೆಲ್ಲ ನನಗೆ ಅವನು ಅರ್ಧ ಹೇಳಿದ, ಆ ಹುಡುಗಿ ಅರ್ಧ ಹೇಳಿದಳು. ಇಬ್ಬರೂ ಕತೆ ಕಟ್ಟುವ ಜಾತಿಯಲ್ಲ. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯುವಾಗ ನಾನೂ ಅಲ್ಲಿದ್ದೆ, ಕಣ್ಣಾರೆ ನೋಡಿದ್ದೇನೆ. ಮುಂದಿನ ಚಕ್ರದಿಂದ ಗೋಡೆಯವರೆಗೆ ಜೇಡ ಬಲೆ ಕಟ್ಟಿತ್ತು, ಏಳು ತಿಂಗಳ ಧೂಳು ಹೊತ್ತು. ಚಕ್ರ ಉರುಳುವ ಆ ಗಳಿಗೆಯವರೆಗೆ ಅದರ ಒಂದು ಎಳೆಯೂ ಹರಿದಿರಲಿಲ್ಲ.