ಕೊಡುಗೆಗೆ ಮುಂಚಿನ ಅಕ್ಷರ

"ಹಲೋ... ಹಲೋ, ಯಾರು ಮಾತಾಡ್ತಿರೋದು?"

...

"ಯಾರು? ಸ್ವಲ್ಪ ಜೋರಾಗಿ ಹೇಳಮ್ಮಾ. ನಮ್ಮ ಈ ಲೈನ್ ಸರಿ ಇಲ್ಲ."

...

"ಹಾಂ, ಪತ್ರಿಕೆ! ವಾರಪತ್ರಿಕೆ ಆಫೀಸಿಂದಾ? ಹೇಳಿ, ಹೇಳಿ. ಹಾಡಿನ ಟೀಚರ್ ಮನೇನೇ ಇದು. ನಾನೇ ಮಾತಾಡ್ತಿರೋದು."

ಲೈನಿಗೆ ಏನೂ ಆಗಿರಲಿಲ್ಲ. ಎರಡು ವರ್ಷದಿಂದ ಆ ಬಡಪಾಯಿ ಲೈನು ಸುಮ್ಮಸುಮ್ಮನೆ ಬೈಸಿಕೊಳ್ಳುತ್ತಿತ್ತು. ಟೀಚರ್ ಮೇಜಿನ ಮೇಲೆ ಹರಡಿದ್ದ ಶನಿವಾರದ ಹಾಡಿನ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತು, ರಿಸೀವರನ್ನು ಎಡಗಿವಿಗೆ ಒತ್ತಿ ಹಿಡಿದರು. ಪತ್ರಿಕೆಯ ಹುಡುಗಿಯದು ತೆಳು ದನಿ. ಅಂಥ ದನಿಯಲ್ಲಿ ಅರ್ಧ ಮಾತು ಅವರ ಕಿವಿಗೆ ಬೀಳುತ್ತಿತ್ತು, ಉಳಿದರ್ಧವನ್ನು ಅವರೇ ಹೊಂದಿಸಿಕೊಳ್ಳುತ್ತಿದ್ದರು. ಇಷ್ಟು ದಿನ ಆ ಹೊಂದಾಣಿಕೆ ಹೇಗೋ ನಡೆದಿತ್ತು.

"ಓ, 'ಊರಲ್ಲಿ ಈ ವಾರ' ಪುಟಕ್ಕಾ? ಗೊತ್ತು, ಗೊತ್ತು. ಚಿತ್ರಕಲೆ ಕ್ಲಾಸು, ಚೆಸ್ಸು, ಟೈಪಿಂಗು, ಅದರ ಕೆಳಗೆ ನಮ್ಮದು. ಇಪ್ಪತ್ತೆರಡು ವರ್ಷದಿಂದ ಅದೇ ನಾಲ್ಕು ಸಾಲು. ಗ್ರಂಥಾಲಯದ ಮಹಡಿ, ಶನಿವಾರ ಮೂರು ಗಂಟೆ, ಫೀಸಿಲ್ಲ. ದನಿ ಇದ್ದವರೂ ಬರಬಹುದು, ಇಲ್ಲದವರೂ ಬರಬಹುದು. ಆ ಕೊನೇ ಸಾಲು ನಂದೇ, ಗೊತ್ತಾ?"

...

"ನಿಮ್ಮನ್ನ ನೀನು ಅಂತೀನಿ, ಬೇಜಾರಿಲ್ಲ ತಾನೇ? ಈ ಊರಲ್ಲಿ ಅರ್ಧ ಜನಕ್ಕೆ ನಾನು ಹಾಗೇ ಅನ್ನೋದು. ಹಾಂ, ಈಗ ಹೇಳು. ಈ ಸಲ ದೊಡ್ಡದಾಗಿ ಬರ್ತಿದ್ಯಾ? ಯಾಕೆ?"

...

"ಏನಂದೆ? ಕೊಡುಗೆ? ಕೊಡುಗೆ ಸಮಾರಂಭ ಅಂದ್ಯಾ?"

ಟೀಚರ್ ಮುಖ ಅರಳಿತು. ಕೊನೆಗೂ ಯಾರಿಗೋ ನೆನಪಾಯಿತಲ್ಲ! ಬೇಕರಿಯವನು, ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವವಳು, ಹಲ್ಲಿನ ಡಾಕ್ಟರು, ಎಲ್ಲರೂ ಒಂದು ಕಾಲದಲ್ಲಿ ಆ ಮಹಡಿಯ ಮರದ ಬೆಂಚಿನ ಮೇಲೆ ಕೂತು ಬಾಯಿ ತೆರೆದವರೇ. ಊರಿನ ಬಚ್ಚಲುಮನೆಗಳಲ್ಲಿ ಶ್ರುತಿ ಬಿಡದೆ ಹಾಡುವವರನ್ನು ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಅವರ ಶಿಷ್ಯರೇ ಸಿಕ್ಕಾರು. ಬೇಡ ಬೇಡ ಎನ್ನುತ್ತಲೇ ತಟ್ಟೆ ಮುಂದೆ ಹಿಡಿಯುವವರಂತೆ ಟೀಚರ್ ನಕ್ಕರು.

"ಅಯ್ಯೋ, ಅದೆಲ್ಲಾ ಯಾಕಮ್ಮಾ? ಕೊಡುಗೆ ಅನ್ನೋವಷ್ಟು ನಾನೇನು ಮಾಡಿದ್ದೀನಿ... ಹೋಗ್ಲಿ, ಬರೀಲೇಬೇಕು ಅಂದ್ರೆ ಬರ್ಕೋ. ಮೊದಲನೇ ವರ್ಷ ಏಳೇ ಮಕ್ಕಳು. ಅದರಲ್ಲಿ ಒಬ್ಬನಿಗೆ ವರ್ಷವಿಡೀ ನೆಗಡಿ. ಬರ್ಕೊಂಡ್ಯಾ?"

...

"ಬೇಡ್ವಾ? ಎಲ್ಲಾ ಬಂದುಬಿಟ್ಟಿದ್ಯಾ? ಯಾರು ಬರ್ದು ಕೊಟ್ರು?"

...

"ಗುಬ್ಬಿ! ನಮ್ಮ ಗುಬ್ಬೀನಾ? ಅವಳು ನನ್ನ ಜೊತೆ ಪಾಠ ಮಾಡೋಳು, ಹೌದು, ಅವಳೇ. ನೋಡು, ನನಗೆ ಒಂದು ಮಾತೂ ಹೇಳಲಿಲ್ಲ ಕಳ್ಳಿ!"

ಗುಬ್ಬಿ ಎಂದು ಹೆಸರಿಟ್ಟವರೂ ಟೀಚರೇ. ಆ ಮೊದಲ ಏಳು ಮಕ್ಕಳಲ್ಲಿ ಒಬ್ಬಳಾಗಿ, ಒಂಬತ್ತು ವರ್ಷದ ಕಡ್ಡಿಯಂಥ ಹುಡುಗಿಯಾಗಿ ಬಂದವಳು. ಈಗ ಮೂವತ್ತು ದಾಟಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಲ್ಲ ಎನ್ನುವುದೊಂದು ಬಿಟ್ಟರೆ ಬೇರೆ ಕೊರತೆ ಇರಲಿಲ್ಲ; ಮನೆಯ ಬೀಗದ ಕೈಯೂ ಅವಳ ಹತ್ತಿರ ಒಂದು ಇತ್ತು. ಎರಡು ವರ್ಷದ ಹಿಂದೆ ಕಿವಿಯ ಡಾಕ್ಟರು, ಮೇಲಿನ ಸ್ವರಗಳು ಹೋಗಿಬಿಟ್ಟಿವೆ, ಉಳಿದವೂ ಹೋಗುತ್ತವೆ ಎಂದಾಗ ಪಕ್ಕದಲ್ಲಿ ಕೂತಿದ್ದವಳು ಅವಳೊಬ್ಬಳೇ. ಯಾರಿಗೂ ಹೇಳಬೇಡ, ಹಾಡಿನ ಟೀಚರಿಗೆ ಕಿವುಡು ಅಂದರೆ ನಾಯಿಯೂ ನಗುತ್ತೆ ಎಂದು ಇವರು ದಾರಿಯುದ್ದಕ್ಕೂ ಅತ್ತಿದ್ದರು. ಅದಕ್ಕೆ ಗುಬ್ಬಿ, ಕಿವಿ ಹೋದರೆ ಹೋಗಲಿ, ನನ್ನ ಕಾಲಿದೆಯಲ್ಲ ಎಂದಿದ್ದಳು.

ಅಂದಿನಿಂದ ಪಾಠ ನಡೆಯುತ್ತಿದ್ದದ್ದು ಹೀಗೆ. ಉದ್ದನೆಯ ಮೇಜು, ನೆಲ ಮುಟ್ಟುವ ಬಟ್ಟೆ, ಅದರ ಹಿಂದೆ ಅಕ್ಕಪಕ್ಕ ಎರಡು ಕುರ್ಚಿ. ಹಾಡುವ ಮಗು ಶ್ರುತಿಯಿಂದ ಇಳಿದರೆ ಗುಬ್ಬಿಯ ಪಾದ ಟೀಚರ ಪಾದವನ್ನು ಒಂದು ಸಲ ಒತ್ತುತ್ತಿತ್ತು. ಏರಿದರೆ ಎರಡು ಸಲ. ಒತ್ತಿ ಹಾಗೇ ಹಿಡಿದರೆ, ಮುಗಿಯಿತು, ಇನ್ನು ತಲೆದೂಗುವುದು ನಿಲ್ಲಿಸಿ ಎಂದು ಅರ್ಥ. ಈ ಮೂರನೆಯದನ್ನು ಆಮೇಲೆ ಸೇರಿಸಿದ್ದು. ಒಮ್ಮೆ ಹುಡುಗನೊಬ್ಬ ಹಾಡು ಮುಗಿಸಿ ಕೆಳಗೆ ಕೂತ ಮೇಲೂ ಟೀಚರ್ ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದರು. ಮಕ್ಕಳು ಅದನ್ನು ತನ್ಮಯತೆ ಎಂದುಕೊಂಡರು.

"ಏನು ಬರ್ದಿದ್ದಾಳೆ, ಓದಮ್ಮಾ. ನಿಧಾನಕ್ಕೆ. ಒಂದೊಂದೇ ಪದ."

...

"'ಇಪ್ಪತ್ತೆರಡು ವರ್ಷಗಳ ನಿಸ್ವಾರ್ಥ ಸೇವೆಯ ನಂತರ'... ಅಬ್ಬಾ! ಹೂಂ, ಮುಂದೆ?"

...

"ಬಿಡು? ಏನು ಬಿಡು? ಯಾಕೆ ನಿಲ್ಲಿಸಿದೆ, ಓದು."

...

"ಬಿಡುವು. ಬಿಡುವು ಪಡೆಯುತ್ತಿರುವ... ಯಾರಮ್ಮಾ ಬಿಡುವು ಪಡೀತಿರೋದು?"

...

"ನಿಲ್ಲು, ನಿಲ್ಲು. ಆಗ ಕೊಡುಗೆ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು... ಅಲ್ಲ, ಕೊಡುಗೆಗೆ ಮುಂಚೆ ಏನೋ ಇದೆ. ಆ ಅಕ್ಷರ ಹೇಳು... ಯಾವುದು? ಬೀ? ಬೀಗದ ಬೀನಾ?"

ಟೀಚರ್ ಹಾಡಿನ ಹಾಳೆಯೊಂದನ್ನು ಮಗುಚಿ ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದು ನೋಡಿದರು. ಬೀಳ್ಕೊಡುಗೆ. 'ಬೀಳ್' ಅನ್ನುವುದರ ಸುತ್ತ, ಮಗು ತಪ್ಪಿದ ಸ್ವರಕ್ಕೆ ಹಾಕುವಂತೆ, ಕೈ ತಾನಾಗಿ ಒಂದು ಸುತ್ತು ಹಾಕಿತು.

"ನನಗೆ ಬೀಳ್ಕೊಡುಗೆ. ಶನಿವಾರ. ಸರಿ... ಯಾಕೆ ಅಂತ ಏನಾದ್ರೂ ಬರ್ದಿದ್ದಾಳಾ?"

...

"ಬೇಡ. ಎರಡನೇ ಸಲ ಹೇಳ್ಬೇಡ. 'ಶ್ರವಣ ಶಕ್ತಿ ಕುಂದಿರುವ ಕಾರಣ.' ಅದು ಮಾತ್ರ ಮೊದಲನೇ ಸಲಕ್ಕೇ ಕೇಳಿಸ್ತು ನೋಡು."

ಲೋಕದಲ್ಲಿ ಮೂರೇ ಜನಕ್ಕೆ ಗೊತ್ತಿದ್ದ ಗುಟ್ಟು. ಒಬ್ಬರು ಡಾಕ್ಟರು, ಅವರು ಹೇಳುವವರಲ್ಲ. ಒಬ್ಬರು ತಾವು. ನಾಳೆ ಬೆಳಿಗ್ಗೆ ಬೇಕರಿಯವನು ಬ್ರೆಡ್ಡು ಸುತ್ತಿ ಕೊಡುತ್ತಾ ಅದನ್ನು ಓದುತ್ತಾನೆ, ಹಲ್ಲಿನ ಡಾಕ್ಟರ ಮನೆಯಲ್ಲಿ ಕಾಯುವವರು ಓದುತ್ತಾರೆ. ಓದಿದವರೆಲ್ಲ ಹಿಂದಕ್ಕೆ ಹೋಗಿ ನೆನಪು ಮಾಡಿಕೊಳ್ಳುತ್ತಾರೆ: ಹಾಗಾದರೆ ನನ್ನ ಮಗಳು ಹಾಡಿದಾಗ ಭೇಷ್ ಎಂದದ್ದು ಏನನ್ನು ಕೇಳಿ? ಮಾನ ಮೂರು ಕಾಸಿಗೆ ಹರಾಜು.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲಮ್ಮಾ, ಇಲ್ಲಿ ಗುಬ್ಬೀನೇ ಬಿಟ್ಟಿದೆ ಬ್ರಹ್ಮಾಸ್ತ್ರಾನ... ಏನಿಲ್ಲ, ಏನಿಲ್ಲ. ನೀನು ಓದು. ಇನ್ನು ಮುಂದೆ ಕ್ಲಾಸು ಯಾರದ್ದಂತೆ?"

...

"ಹೂಂ. ಕೇಳೋದೇ ಬೇಡವಾಗಿತ್ತು. ಹಾಗಾದ್ರೆ ನನಗೆ ಯಾಕಮ್ಮಾ ಫೋನ್ ಮಾಡಿದೆ? ಅವಳಿಗೇ ಮಾಡಬೇಕಿತ್ತು."

...

"ಕೊನೇಲಿ ನಂಬರು... ನನ್ನದೇ ಇದ್ಯಾ? ಓಹೋ. ಅದು ಸರಿ ಇದ್ಯಾ ಅಂತ ಕೇಳೋಕೆ ಮಾಡಿದ್ದಾ?"

ಸಾಲುಗಳನ್ನೆಲ್ಲ ಬದಲಿಸಿದ ಜಾಣೆ ಅವುಗಳ ಕೆಳಗಿದ್ದ ನಂಬರು ಬದಲಿಸುವುದನ್ನು ಮರೆತಿದ್ದಳು. ಇಪ್ಪತ್ತೆರಡು ವರ್ಷದಿಂದ ಅದೇ ನಂಬರು ನೋಡಿ ನೋಡಿ ಅದು ಕ್ಲಾಸಿನದೇ ನಂಬರು ಎಂದುಕೊಂಡಿದ್ದಳೇನೋ.

"ಏನು? ನಾನು ಒಪ್ಪಿದ್ದೀನಾ? ಹಾಗಂತ ಬೇರೆ ಬರ್ದಿದ್ದಾಳಾ? 'ತಾವೇ ಸಂತೋಷದಿಂದ ಒಪ್ಪಿ'... ನಾನು ಯಾವಾಗ ಒಪ್ಪಿದೆ ತಾಯಿ? ಯಾವ ದಿನ?"

...

"ಹೋದ ಶನಿವಾರ? ಕ್ಲಾಸು ಮುಗಿದ ಮೇಲೆ?"

ಹೋದ ಶನಿವಾರ. ಗ್ರಂಥಾಲಯದ ಇಕ್ಕಟ್ಟಿನ ಮೆಟ್ಟಿಲು. ಮುಂದೆ ಇವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು, ಹಿಂದೆ ಗುಬ್ಬಿ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಬರುತ್ತಿದ್ದಳು. ಅವಳು ಏನೋ ಹೇಳುತ್ತಿರುವುದು ಗುಂಯ್ ಎಂದು ಗೊತ್ತಾಗಿತ್ತು. ಸ್ವಲ್ಪ ಉದ್ದವಾಗಿಯೇ ಹೇಳಿದ್ದಳು. ಮುಂದಿನ ವಾರದ ಹಾಡಿನ ವಿಷಯ ಇರಬೇಕು ಎಂದುಕೊಂಡು ಇವರು ಎಂದಿನಂತೆ ತಲೆಯಾಡಿಸಿದ್ದರು. 'ಹೂಂ, ಹಾಗೇ ಮಾಡು' ಎಂದೂ ಅಂದಿದ್ದರು. ಕೆಳಗಿಳಿದು ತಿರುಗಿ ನೋಡಿದರೆ ಗುಬ್ಬಿಯ ಕಣ್ಣಲ್ಲಿ ನೀರು. ಪೆಟ್ಟಿಗೆ ಭಾರವಾಯಿತೇನೋ ಎಂದು ಕೈಚಾಚಿದ್ದರು.

"ನೋಡಮ್ಮಾ, ನಿನಗೆ ಸಂಬಂಧ ಇಲ್ಲ, ಆದ್ರೂ ಕೇಳು. ತಲೆ ಆಡಿಸಿದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ಅವಳು ಹೇಳಿದ್ದು ಎಲ್ಲಿ ಗೊತ್ತಾ? ನನ್ನ ಹಿಂದೆ ನಿಂತು. 'ಟೀಚರ್ ಎದುರಿಗೆ ನಿಂತು ಮಾತಾಡ್ರೋ, ಅದೇ ಮರ್ಯಾದೆ' ಅಂತ ಮಕ್ಕಳಿಗೆ ಹೇಳ್ಕೊಟ್ಟೋಳೇ ಅವಳು. ಹಿಂದಿಂದ ಹೇಳಿದ್ರೆ ನನಗೆ ಏನೂ ಕೇಳಿಸಲ್ಲ ಅಂತ ಈ ಭೂಮಿ ಮೇಲೆ ಗೊತ್ತಿರೋದು ಅವಳೊಬ್ಬಳಿಗೇ. ಬೆನ್ನ ಹಿಂದೆ ಮಾತಾಡೋದು ಅಂದ್ರೆ ಇದೇ ಅಲ್ವಾ?"

...

"ಅಳ್ತಾ ಇಲ್ಲಮ್ಮಾ. ಲೈನ್ ಹಾಗೆ ಕೇಳಿಸುತ್ತೆ."

...

"ಎದುರಿಗೆ ನಿಂತು, ಟೀಚರ್, ಸಾಕು, ನನ್ನ ಕಾಲು ಸೋತಿದೆ ಅಂದಿದ್ರೆ ಆಗ್ತಿರಲಿಲ್ವಾ? ಬೈತಿದ್ದೆ. ಎರಡು ದಿನ ಊಟ ಬಿಡ್ತಿದ್ದೆ. ಮೂರನೇ ದಿನ ನಾನೇ ಕೂತು ನಿಮಗೆ ಬರ್ದು ಕೊಡ್ತಿದ್ದೆ, ಇನ್ನು ಮುಂದೆ ಕ್ಲಾಸು ಇವಳದು ಅಂತ. ಹೇಳಿದ ಶಾಸ್ತ್ರವೂ ಆಗಬೇಕು, ನನಗೆ ಕೇಳಿಸಲೂಬಾರದು! ನಂಬಿಸಿ ಕತ್ತು ಕೊಯ್ದುಬಿಟ್ಟಳಲ್ಲಮ್ಮಾ."

...

"ಹಾಂ? ಎಷ್ಟು ಗಂಟೆಗೆ? ನಾಲ್ಕಕ್ಕೆ ಪುಟ ಅಚ್ಚಿಗೆ ಹೋಗುತ್ತಾ? ಈಗ ನಾಲ್ಕಾಗೋಕೆ ಐದೇ ನಿಮಿಷ ಇದೆ!"

ಗೋಡೆಯ ಗಡಿಯಾರದ ಟಿಕ್ ಟಿಕ್ ನಿಂತು ಅವರ ಪಾಲಿಗೆ ಎಷ್ಟೋ ಕಾಲವಾಗಿತ್ತು. ಮುಳ್ಳು ಮಾತ್ರ ಓಡುತ್ತಿತ್ತು. ಪ್ರತಿ ಗುರುವಾರ ನಾಲ್ಕಕ್ಕೆ ಗುಬ್ಬಿ ಬರುತ್ತಾಳೆ, ಶನಿವಾರದ ಪಾಠ ಜೋಡಿಸುವುದಕ್ಕೆ. ಈ ಗುರುವಾರವೂ ಬರುತ್ತಾಳಾ? ಬರುವ ಮುಖ ಇದೆಯಾ?

"ಕೇಳು, ಬೇಗ ಬೇಗ ಹೇಳ್ತೀನಿ. ಕ್ಲಾಸು ಅವಳದೇ ಇರ್ಲಿ. ಹೂಂ, ಅವಳ ಹೆಸರೂ ಇರ್ಲಿ. ಅವಳು ಚೆನ್ನಾಗಿ ಕಲಿಸ್ತಾಳೆ, ಅದೇ ನನ್ನ ಹೊಟ್ಟೆಯುರಿ. ಮಕ್ಕಳ ಹಾಡು ಕೇಳಿಸೋರು ಕಲಿಸಬೇಕು. ಆದ್ರೆ ಆ ಶ್ರವಣದ ಸಾಲು ತೆಗೆದುಬಿಡು. ಪೂರ್ತಿ ತೆಗೆದುಬಿಡು."

...

"ಯಾಕೆ ಆಗಲ್ಲ? ಕೊಟ್ಟೋರನ್ನೇ ಕೇಳಬೇಕಾ? ಕಿವಿ ನಂದು ತಾಯಿ! ನನ್ನ ಕಿವಿ ಊರಿಗೆಲ್ಲಾ ಹಂಚೋಕೆ ನನ್ನ ಒಪ್ಪಿಗೆ ಬೇಡ್ವಾ? ಆ ಮಾತು ನಾನು ಅವಳಿಗೆ ಹೇಳಿದ್ದು, ಅವಳೊಬ್ಬಳಿಗೆ. ಪತ್ರಿಕೆಗಲ್ಲ."

...

"ತೆಗೀತೀಯಾ? ನಿನ್ನ ಹೊಟ್ಟೆ ತಣ್ಣಗಿರ್ಲಿ. ಇನ್ನೊಂದೇ ಒಂದು. ಆ 'ಬೀಳ್' ಕೂಡ ತೆಗೆದುಬಿಡು. ಬರೀ ಕೊಡುಗೆ ಅಂತ ಇರ್ಲಿ. ಮೊದಲು ಕೇಳಿಸಿದ ಹಾಗೇ... ಆಯ್ತಾ? ಎಲ್ಲಿ, ಒಂದ್ಸಲ ಓದಿಬಿಡು."

...

"ಹಾಂ... 'ಇಪ್ಪತ್ತೆರಡು ವರ್ಷಗಳ'... ಹೂಂ... ಆಮೇಲೆ? ಕೊಡುಗೆ. ಮುಂಚೆ ಏನೂ ಇಲ್ಲ ತಾನೇ? ಇದ್ಯಾ, ಇಲ್ವಾ? ನಿಧಾನಕ್ಕೆ ಹೇಳಮ್ಮಾ, ಓಡಬೇಡ."

ಬಾಗಿಲು ತೆರೆದು ಮುಚ್ಚಿದ್ದು ಟೀಚರಿಗೆ ನೆಲದ ಹಲಗೆಯ ಮೂಲಕ ಪಾದಕ್ಕೆ ಗೊತ್ತಾಯಿತು. ಆ ನಡಿಗೆ ಯಾರದೆಂದು ಕಿವಿ ಹೇಳಬೇಕಾಗಿರಲಿಲ್ಲ. ಅವರು ತಿರುಗಿ ನೋಡಲಿಲ್ಲ. ಗುಬ್ಬಿಯ ಕೈಚೀಲ ಮೇಜಿನ ಮೇಲೆ ಬಂದು ಕೂತಿತು. ಅದರ ಪಕ್ಕದಲ್ಲೇ ಮಗುಚಿದ ಹಾಳೆ ಇತ್ತು, ಪೆನ್ಸಿಲಿನ ಅಕ್ಷರ ಇತ್ತು, ಬೀಳ್ ಮೇಲೆ ಹಾಕಿದ ಸುತ್ತೂ ಇತ್ತು. ಚೀಲದ ಮೇಲಿನ ಕೈ ಅಲ್ಲಾಡದೆ ಹಾಗೇ ನಿಂತಿತು. ಆಮೇಲೆ ಬಲಗಡೆಯ ಕುರ್ಚಿ, ಗುಬ್ಬಿ ಸದಾ ಕೂರುವ ಕುರ್ಚಿ, ಹಿಂದಕ್ಕೆ ಸರಿದು ಮುಂದಕ್ಕೆ ಬಂತು.

ಪತ್ರಿಕೆಯ ಹುಡುಗಿ ಓದಿದ್ದು ಏನೆಂದು ಗುಬ್ಬಿಯನ್ನು ಕೇಳಬಹುದಿತ್ತು. ರಿಸೀವರ್ ಅವಳ ಕೈಗೆ ಕೊಟ್ಟರೆ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ಮಾಡಿದ್ದು ಅದನ್ನೇ ಅಲ್ಲವೇ. ಟೀಚರ್ ರಿಸೀವರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಲೈನ್ ಸರಿ ಇಲ್ಲಮ್ಮಾ... ಶ್ರವಣದ್ದು ತೆಗೆದ್ಯಾ? ತೆಗೆದೆ ಅಂತ ಒಂದೇ ಒಂದ್ಸಲ ಹೇಳು, ಸಾಕು."

...

"ಹಾಂ? ತೆಗೆದೆ ಅಂದ್ಯಾ, ತೆಗಿಯಲ್ಲ ಅಂದ್ಯಾ?"

...

"ಹಲೋ?"

ಮೇಜಿನ ಕೆಳಗೆ ಒಂದು ಪಾದ ಬಂದು ಅವರ ಪಾದದ ಮೇಲೆ ಕೂತಿತು. ಒಂದು ಸಲ ಒತ್ತಿ ಬಿಡಲಿಲ್ಲ, ಎರಡು ಸಲವೂ ಅಲ್ಲ. ಒತ್ತಿ, ಹಾಗೇ ಹಿಡಿದಿತ್ತು.

ಟೀಚರ್ ತಮ್ಮ ಕಾಲನ್ನು ಎಳೆದು ಕುರ್ಚಿಯ ಕೆಳಗೆ ಇಟ್ಟುಕೊಂಡರು.

"ಹಲೋ... ಹೇಳಮ್ಮಾ, ಹೇಳು. ನನಗೆ ಕೇಳಿಸ್ತಾ ಇದೆ."