ಬಿಸಿ ಬಾನೆಟ್ಟು

ಪೀಣ್ಯದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಕೂತಿದ್ದರು. ಆಗಷ್ಟೇ ಒಂದು ಹಳೇ ಡೀಸೆಲ್ ಪಿಕಪ್ ನೋಡಿಕೊಂಡು ಬಂದಿದ್ದರು. ಅಕ್ಕ ಸಾಕಿದ, ಹಾಲು ಕರೆಯುವ ಹಸು ಮಾರಿ ಅದನ್ನು ಕೊಳ್ಳುವ ಮಾತು. ನಾನು ಪುಸ್ತಕ ತೆರೆದಿದ್ದೆ, ಓದಲಿಲ್ಲ.

“ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು ಕಣಕ್ಕ. ಇಂಜಿನ್ ಸಕ್ಕತ್ತಾಗೈತೆ.”

“ಆಗ್ದೆ ಏನು? ನೀನು ಗಾಡಿ ಬಣ್ಣದ ಮೇಲೆ ಕೈ ಸವರ್ತಾ ಇದ್ದಾಗ ನಾನು ಬಾನೆಟ್ ಮುಟ್ಟಿ ನೋಡ್ದೆ. ರೊಟ್ಟಿ ಹಂಚಿನಂಗೆ ಸುಡ್ತಿತ್ತು. ನಾವು ಬರೋ ಮುಂಚೇನೇ ಆ ಬ್ರೋಕರ್ರು ಓಡ್ಸಿ ಬಿಸಿ ಮಾಡವ್ನೆ.”

“ಬಿಸಿಲಿಗೆ ಕಾದಿರ್ತೈತೆ.”

“ಗಾಡಿ ನಿಂತಿದ್ದು ಶೆಡ್ಡೊಳಗೆ ಕಣೋ ಆಂಜಿನಪ್ಪ. ಅಲ್ಲಿ ಯಾವ ಸೂರ್ಯ ಹುಟ್ತಾನೆ?”

“ಬ್ರೋಕರ್ರು ನಮ್ಮೋರೇ. ಅಂಗೆಲ್ಲ ಮಾಡಲ್ಲ.”

“ನಮ್ಮೋನು ಅಂತ್ಲೇ ಕಾಫಿ ಕೊಡ್ಸಿ ನಿನ್ನ ಬಾಯಿ ಮುಚ್ಸಿದ್ದು.”

“ಗಾಡಿ ವಿಷ್ಯ ನಿಂಗೇನು ಗೊತ್ತು?”

“ಗಾಡಿ ಗೊತ್ತಿಲ್ಲ, ಸಂತೆ ಗೊತ್ತು. ಬೆಳಿಗ್ಗೆ ಹಾಲು ಕರೀದೆ, ಕೆಚ್ಚಲು ತುಂಬಿಸ್ಕೊಂಡು ಹಸ ಮಾರಕ್ಕೆ ತರೋರ್ನ ನೋಡಿಲ್ವಾ? ನಾಳೆ ಕೋಳಿ ಕೂಗೋ ಹೊತ್ಗೆ, ಹೇಳ್ದೆ ಬರೋಣ. ತಣ್ಣಗಿದ್ದಾಗ ಸ್ಟಾರ್ಟ್ ಆದ್ರೆ ನನ್ನ ಹಸ ಹೊಡ್ಕೊಂಡೋಗು.”

“ಅಷ್ಟೊತ್ಗೆ ಮಾಕಳಿಯಿಂದ ಬಸ್ಸಿಲ್ಲ.”

“ನಡ್ಕೊಂಡೇ ಬರೋಣ. ಆ ಗಾಡಿ ತಗೊಂಡ್ರೆ ದಿನಾ ನಡೆಯೋದೇ ತಾನೆ. ಈಗ್ಲೇ ಅಭ್ಯಾಸ ಆಗ್ಲಿ.”

ಮಾಕಳಿ ಬಸ್ಸು ಬಂತು. ಅಕ್ಕ ಮುಂದೆ ಹತ್ತಿದಳು. ತಮ್ಮ ಗೊಣಗುತ್ತ ಹಿಂದೆ ಹತ್ತಿದ.